ಹಿತ್ತಲ ಚಪ್ಪರದವರೆ: ಪ್ಲೇಗು ಕೊಟ್ಟ ಜಾಗ, ಸೈಟ್ ರೇಟು ನುಂಗಿದ ಬಳ್ಳಿ

ಇವತ್ತಿನ ಎಪಿಸೋಡ್ ಒಂದು ಬಳ್ಳಿಯ ಬಗ್ಗೆ. ರಾಜರು ಕಮ್ಮಿ, ಯುದ್ಧ ಇಲ್ಲವೇ ಇಲ್ಲ. ಆದ್ರೆ ಒಂದು ಮಹಾಮಾರಿ ಇದೆ, ಒಂದು ಟೌನ್ ಪ್ಲಾನ್ ಇದೆ, ನಾನು ಬಿ.ಕಾಂ. ಓದಿದವನಾದ್ದರಿಂದ ಒಂದು ಸಣ್ಣ ಲೆಕ್ಕಾನೂ ಇದೆ. ನೀವು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆ ನಡೀತಾ ಕೇಳ್ತಿದ್ರೆ ಇನ್ನೂ ಒಳ್ಳೇದು. ಕಥೆ ನಡೆದಿರೋದೇ ನಿಮ್ಮ ಎಡಕ್ಕೆ ಬಲಕ್ಕೆ ಇರೋ ಕಾಂಪೌಂಡುಗಳ ಹಿಂದೆ.

ಬಳ್ಳಿ ಯಾವುದು ಅಂದ್ರೆ, ಚಪ್ಪರದವರೆ. ಅಗಲವಾದ ಚಪ್ಪಟೆ ಕಾಯಿ, ಬಿಳಿ ಅಥವಾ ನೇರಳೆ ಹೂವು. ಕಾಯಿಯನ್ನ ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಮಾಡ್ತೀವಲ್ಲ, ಅದು. ಈ ಮೂರು ಬಡಾವಣೆಗಳಲ್ಲಿ ಹುಟ್ಟಿ ಬೆಳೆದ ಹಿರಿಯರನ್ನ ಕೇಳಿ ನೋಡಿ: ಹಿತ್ತಲಲ್ಲಿ ಏನೇನಿತ್ತು? ಬಾವಿ, ತೆಂಗು, ಕರಿಬೇವು, ಬಟ್ಟೆ ಒಗೆಯೋ ಕಲ್ಲು, ಅವರೆ ಚಪ್ಪರ. ಪಟ್ಟಿ ಹೆಚ್ಚು ಕಡಿಮೆ ಇದೇ ಇರುತ್ತೆ. ಈಗ ಅದೇ ರಸ್ತೆಗಳಲ್ಲಿ ಸುತ್ತಿದ್ರೆ ಅಂಥ ಚಪ್ಪರ ಒಂದು ಸಿಕ್ಕರೆ ಪುಣ್ಯ. ಯಾಕೆ? "ಈಗಿನವರಿಗೆ ಪುರುಸೊತ್ತಿಲ್ಲ, ಮಣ್ಣು ಮುಟ್ಟೋಕೆ ಬೇಜಾರು" ಅಂತ ಒಂದು ಉತ್ತರ ಸಿಗುತ್ತೆ. ನನಗೆ ಅದು ಒಪ್ಪಿಗೆ ಇಲ್ಲ. ಬಳ್ಳಿ ಬಂದಿದ್ದು ಜಾಗ ಇತ್ತು ಅಂತ, ಹೋಗಿದ್ದು ಜಾಗ ಹೋಯ್ತು ಅಂತ. ಆ ಜಾಗ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅನ್ನೋದೇ ಇವತ್ತಿನ ವಿಷಯ.

ಬೆಂದ ಕಾಳಿಗಿಂತ ಹಳೇ ಊರು

ಮೊದಲು ಒಂದು ಕಥೆ ಪಕ್ಕಕ್ಕಿಡೋಣ. ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು. ಶಾಲೆಯಲ್ಲಿ ಎಲ್ಲರೂ ಕೇಳಿದೀವಿ. ಆದ್ರೆ ವೀರಬಲ್ಲಾಳ 12ನೇ ಶತಮಾನದವನು. ಬೇಗೂರಿನ ದೇವಸ್ಥಾನದಲ್ಲಿರೋ ವೀರಗಲ್ಲಿನ ಶಾಸನ ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಆಗಲೇ ಬೆಂಗಳೂರಿನ ಕಾಳಗದ ಮಾತಿದೆ. ಅಂದ್ರೆ ಬಲ್ಲಾಳ ಬರೋ ಹೊತ್ತಿಗೆ ಊರಿಗೂ ಹೆಸರಿಗೂ ಸುಮಾರು 300 ವರ್ಷ ಆಗಿತ್ತು.

ಹಾಗಂತ ಅವರೆ ಈ ನೆಲಕ್ಕೆ ಹೊಸದಲ್ಲ. ಅದರ ತವರು ಆಫ್ರಿಕಾ ಅಂತ ಸಸ್ಯವಿಜ್ಞಾನಿಗಳು ಹೇಳ್ತಾರೆ. ಆದ್ರೆ ನಮ್ಮ ಕಡೆ ಬಂದು ಬಹಳ ಕಾಲ ಆಯ್ತು. ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳನ್ನ ಅಗೆದಾಗ ಹುರುಳಿ, ಹೆಸರಿನ ಜೊತೆ ಸುಟ್ಟು ಕರಕಾದ ಅವರೆ ಕಾಳೂ ಸಿಕ್ಕಿವೆ. ಹತ್ತಿರ ಹತ್ತಿರ 3,500 ವರ್ಷ ಹಳೇದು. ನಾವು ಬೀನ್ಸ್ ಅಂತ ಕರೆಯೋ ಹುರುಳಿಕಾಯಿ, ಡಬಲ್ ಬೀನ್ಸ್, ಬಸವನಗುಡಿ ಪರಿಷೆಯ ಕಡಲೆಕಾಯಿ, ಇವೆಲ್ಲ ಅಮೆರಿಕ ಖಂಡದಿಂದ ಕಳೆದ 500 ವರ್ಷಗಳಲ್ಲಿ ಹಡಗು ಹತ್ತಿ ಬಂದವು. ಅವರೆ ಮುಂದೆ ಇವು ಚಿಕ್ಕ ಮಕ್ಕಳು.

ಇನ್ನೊಂದು ಮಾತು ಕ್ಲಿಯರ್ ಮಾಡ್ತೀನಿ. ಹೊಲದವರೆ, ಚಪ್ಪರದವರೆ ಎರಡೂ ಒಂದೇ ಜಾತಿಯ ಗಿಡ. ವೈಜ್ಞಾನಿಕ ಹೆಸರು ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಹೊಲದವರೆಯನ್ನ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಬಿತ್ತುತ್ತಾರೆ, ಕಾಳು ಬಿಡಿಸಿ ತಿಂತೀವಿ. ಮಾಗಡಿ, ಹೊಸಕೋಟೆ, ಕೋಲಾರ, ಚಿಂತಾಮಣಿ ಕಡೆಯಿಂದ ಚಳಿಗಾಲದಲ್ಲಿ ಗಾಂಧಿ ಬಜಾರಿಗೆ ಮೂಟೆ ಮೂಟೆ ಬರುತ್ತಲ್ಲ, ಅದು. ಆ ಕಾಯಿ ಮುಟ್ಟಿದ್ರೆ ಕೈಗೆ ಅಂಟೋ ಜಿಡ್ಡಲ್ಲೇ ಸೊಗಡು ಇರೋದು, ಅದರಲ್ಲಿರೋ ಕೊಬ್ಬಿನಾಮ್ಲಗಳದ್ದೇ ಆ ವಾಸನೆ. ಚಪ್ಪರದವರೆ ಹಾಗಲ್ಲ. ಅದಕ್ಕೆ ಹೊಲ ಬೇಡ, ಆದ್ರೆ ಹತ್ತೋಕೆ ಗಳ ಬೇಕು, ಹಬ್ಬೋಕೆ ಮೇಲೊಂದು ಚಪ್ಪರ ಬೇಕು, ದಿನಾ ಒಂದು ಕಣ್ಣು ಬೇಕು. ಅದು ಮನೆ ಬೆಳೆ. ಸಿಟಿಯಲ್ಲಿ ಅದಕ್ಕೆ ಹಿತ್ತಲು ಬೇಕು.

1898ರ ಆಗಸ್ಟ್

ಈಗ ಹಿತ್ತಲಿನ ವಿಷಯಕ್ಕೆ ಬರೋಣ. ಚಿಕ್ಕಪೇಟೆ, ಬಳೇಪೇಟೆ, ಅಂದ್ರೆ ಹಳೇ ಪೇಟೆ ಬೆಂಗಳೂರು ನೆನಪಿಸಿಕೊಳ್ಳಿ. ಗೋಡೆಗೆ ಗೋಡೆ ಅಂಟಿದ ಮನೆ, ಮುಂದೆ ಅಂಗಡಿ, ಹಿಂದೆ ದಾಸ್ತಾನು. ಅಲ್ಲಿ ಚಪ್ಪರ ಹಾಕೋದೆಲ್ಲಿ?

1892ರಲ್ಲಿ ಚಾಮರಾಜಪೇಟೆ ಬಂತು. ಹತ್ತನೇ ಚಾಮರಾಜೇಂದ್ರ ಒಡೆಯರ ಹೆಸರಲ್ಲಿ, ಕೋಟೆಯ ಪಶ್ಚಿಮಕ್ಕೆ, ಗೆರೆ ಎಳೆದ ಹಾಗೆ ನೇರ ರಸ್ತೆಗಳು. ಬಸವನಗುಡಿ, ಮಲ್ಲೇಶ್ವರದ ಆಲೋಚನೆಯೂ ಅದೇ ಸುಮಾರಿಗೆ ಶುರುವಾಗಿತ್ತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಕೆಲಸ ನಿಧಾನವಾಗಿ ಸಾಗ್ತಿತ್ತು. ಅಷ್ಟರಲ್ಲಿ 1898ರ ಆಗಸ್ಟಲ್ಲಿ ಬೆಂಗಳೂರಿಗೆ ಪ್ಲೇಗು ಬಂತು.

ಜನ ಸಾಯ್ತಿದ್ದರು, ಮನೆ ಬಿಟ್ಟು ಓಡ್ತಿದ್ದರು, ಊರಾಚೆ ಶೆಡ್ಡುಗಳಲ್ಲಿ ಇರ್ತಿದ್ದರು. ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾವ್ ನೇಮಕ ಆದರು. ಬಸವನಗುಡಿಯ ಮಾಧವರಾವ್ ಸರ್ಕಲ್ ಅವರದ್ದೇ ಹೆಸರು. ಪೇಟೆಯಿಂದ ಜನರನ್ನ ಹೊರಗೆ ತರಲೇಬೇಕು ಅನ್ನೋ ಅವಸರ ಬಂದಿದ್ದು ಆಗ. ಬಸವನಗುಡಿ, ಮಲ್ಲೇಶ್ವರ ನಾವು ನೋಡೋ ರೂಪ ಪಡೆದಿದ್ದು ಆ ಅವಸರದಲ್ಲಿ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಪ್ಲೇಗಿನ ರೋಗಾಣುವನ್ನ ಅಲೆಕ್ಸಾಂಡ್ರ್ ಯೆರ್ಸಿನ್ ಹಾಂಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತೆ ಅಂತ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲೇ. ಆದ್ರೆ ಅವರ ಮಾತನ್ನ ಜಗತ್ತು ಒಪ್ಪೋಕೆ ಇನ್ನೂ ಹಲವು ವರ್ಷ ಹಿಡಿಯಿತು. ಅಲ್ಲಿವರೆಗೆ ಅಧಿಕಾರಿಗಳು ನಂಬಿದ್ದು ಏನನ್ನ? ಇಕ್ಕಟ್ಟು, ತೇವ, ಕತ್ತಲೆ, ಕೆಟ್ಟ ಗಾಳಿ. ಅದಕ್ಕೆ ಪರಿಹಾರ ಏನು? ಅಗಲ ರಸ್ತೆ, ಬಿಡಿ ಬಿಡಿ ಮನೆ, ಸುತ್ತ ಖಾಲಿ ಜಾಗ, ಬಿಸಿಲು, ಗಾಳಿ. ಕಾರಣ ಅರ್ಧ ಮಾತ್ರ ಸರಿ. ಮನೆ ದೂರ ದೂರ ಆದ್ರೆ ಇಲಿ ಓಡಾಟ ಕಮ್ಮಿ ಆಗುತ್ತೆ ನಿಜ, ಆದ್ರೆ ಗಾಳಿಗೂ ಪ್ಲೇಗಿನ ಚಿಗಟಕ್ಕೂ ಸಂಬಂಧ ಇಲ್ಲ. ಆ ಅರ್ಧ ಸರಿಯಾದ ತಿಳುವಳಿಕೆಯಿಂದಲೇ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಹಿತ್ತಲು ಸಿಕ್ಕಿತು.

ನೀರೂ ಆ ದಶಕದಲ್ಲೇ ಬಂತು. ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳಾಯಿ ನೀರು 1890ರ ದಶಕದ್ದು. ಹಿತ್ತಲಲ್ಲಿ ಬಾವಿ ಇದ್ದೇ ಇತ್ತು. ಬಚ್ಚಲಿನ ನೀರು ಬಾಳೆಗೆ, ಕೆಸುವಿಗೆ ಹರೀತಿತ್ತು. ಬಾವಿ ಪಕ್ಕದ ಒಳ್ಳೇ ಜಾಗ ಅವರೆಗೆ. ಬಿಸಿಲು, ನೀರು, ನೆಲ ಮೂರೂ ಒಟ್ಟಿಗೆ ಇದ್ದಾಗ ಬಳ್ಳಿ ಬರದೇ ಇರುತ್ತಾ?

ಹಿತ್ತಲಿನ ಹಿಂದಿನ ಗಲ್ಲಿ

ಆದ್ರೆ ಹಿತ್ತಲನ್ನ ನೆನೆದು ಬರೀ ಆಹಾ ಅನ್ನೋದು ಸರಿಯಲ್ಲ. ಹಳೇ ಬಡಾವಣೆಗಳ ನಕ್ಷೆ ನೋಡಿದ್ರೆ ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಒಂದು ಸಣ್ಣ ಓಣಿ ಕಾಣುತ್ತೆ. ಅದು ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬರೋ ಮೊದಲು ಪಾಯಿಖಾನೆ ಹಿತ್ತಲ ಕೊನೆಯಲ್ಲಿರ್ತಿತ್ತು. ಆ ಗಲ್ಲಿಯ ಕಡೆಯಿಂದ ಬಂದು ಮಲ ತೆಗೆದು ಹೊತ್ತುಕೊಂಡು ಹೋಗ್ತಿದ್ದವರು ದಲಿತ ಸಮುದಾಯದ ಕಾರ್ಮಿಕರು. ಮುಂದಿನ ರಸ್ತೆಯಲ್ಲಿ ಅವರು ಕಾಣಬಾರದು ಅಂತಲೇ ಹಿಂದೊಂದು ದಾರಿ. ಅವರೆ ಚಪ್ಪರದಿಂದ ಆ ಬಾಗಿಲಿಗೆ ಎಷ್ಟು ದೂರ? ಹತ್ತಿಪ್ಪತ್ತು ಹೆಜ್ಜೆ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನ ನಿಷೇಧಿಸಿದರು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹಿತ್ತಲು ಎಲ್ಲರಿಗೂ ಸಿಕ್ಕಿರಲಿಲ್ಲ. ಸೈಟು ಕೊಳ್ಳೋ ಶಕ್ತಿ, ಸರ್ಕಾರಿ ಕೆಲಸ, ಜಾತಿಯ ಸಂಪರ್ಕ ಇದ್ದವರಿಗೆ ಸಿಕ್ಕಿತು. ಗಲ್ಲಿಯಲ್ಲಿ ಬಂದು ಹೋಗ್ತಿದ್ದವರಿಗೆ ಒಂದು ಅವರೆ ಬೀಜ ಊರೋಕೂ ಸ್ವಂತ ನೆಲ ಇರಲಿಲ್ಲ. "ಹಳೇ ಬೆಂಗಳೂರೇ ಚೆನ್ನಾಗಿತ್ತು" ಅನ್ನೋ ರೀಲ್ಸ್ ನೋಡುವಾಗ ಈ ಗಲ್ಲಿ ನೆನಪಿರಲಿ.

ನೂರು ಚದರಡಿಯ ಲೆಕ್ಕ

ಹಾಗಾದ್ರೆ ಚಪ್ಪರ ಹೋಗಿದ್ದು ಹೇಗೆ? ಇಲ್ಲಿ ನನ್ನ ಕಾಮರ್ಸ್ ಬುದ್ಧಿ ಕೆಲಸಕ್ಕೆ ಬರುತ್ತೆ. ಕಾಲೇಜಲ್ಲಿ ನಮಗೆ ಆಪರ್ಚುನಿಟಿ ಕಾಸ್ಟ್ ಅಂತ ಒಂದು ಪಾಠ ಇತ್ತು. ಒಂದು ವಸ್ತುವನ್ನ ಒಂದು ಕೆಲಸಕ್ಕೆ ಬಳಸಿದಾಗ, ಬಿಟ್ಟುಕೊಟ್ಟ ಇನ್ನೊಂದು ಲಾಭವೇ ಅದರ ನಿಜವಾದ ಬೆಲೆ.

ಲೆಕ್ಕಕ್ಕೆ ಅಂತ ಕೆಲವು ಸಂಖ್ಯೆ ಇಟ್ಟುಕೊಳ್ಳೋಣ. ಚಪ್ಪರ 10 ಅಡಿಗೆ 10 ಅಡಿ, ಅಂದ್ರೆ 100 ಚದರಡಿ. ಚದರಡಿಗೆ 20,000 ರೂಪಾಯಿ ಅಂದುಕೊಂಡ್ರೆ ಚಪ್ಪರದ ಕೆಳಗಿನ ನೆಲ 20 ಲಕ್ಷ. ಶೇ. 6ರ ಬಡ್ಡಿ ಹಿಡಿದ್ರೆ ವರ್ಷಕ್ಕೆ 1,20,000 ರೂಪಾಯಿ. ಸೀಸನ್‌ಗೆ 15 ಕೆಜಿ ಕಾಯಿ ಬಂತು, ಕೆಜಿಗೆ 80 ರೂಪಾಯಿ ಅಂತಿಟ್ಟುಕೊಳ್ಳಿ: 1,200 ರೂಪಾಯಿ. ನೂರಕ್ಕೆ ಒಂದು! ಯಾವ ಆಡಿಟರ್ ಆದ್ರೂ ಏನು ಹೇಳ್ತಾರೆ? ಬಳ್ಳಿ ಕಿತ್ತು ಹಾಕಿ ಅಂತ.

ಆಗಿದ್ದೂ ಅದೇ. ಹಿರಿಯರು ತೀರಿಕೊಂಡ್ರು, ಆಸ್ತಿ ನಾಲ್ಕು ಪಾಲಾಯ್ತು, ಪಾಲು ಮಾಡೋಕೆ ಸುಲಭ ದಾರಿ ಅಂದ್ರೆ ಮಾರೋದು ಅಥವಾ ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಬಂದಿದ್ದು 1972ರಲ್ಲಿ. ಒಂದೇ ನೆಲದ ಮೇಲೆ ಒಂದರ ಮೇಲೊಂದು ಹತ್ತಾರು ಒಡೆಯರು ಇರೋಕೆ ಕಾನೂನಿನ ಚೌಕಟ್ಟು ಆಗ ಸಿಕ್ಕಿತು. ಮನೆ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಕಾರು ನಿಲ್ಲಿಸೋಕೆ ಹೋಯ್ತು, ಅದರ ಮೇಲೆ ಸಿಮೆಂಟ್ ಬಿತ್ತು, ಬಾವಿ ಮುಚ್ಚಿತು. ಯಾರೂ ಅವರೆಯನ್ನ ದ್ವೇಷಿಸಿ ಹೀಗೆ ಮಾಡಲಿಲ್ಲ. ಪ್ರತಿಯೊಂದು ಮನೆಯ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗೇ ಇತ್ತು.

ಲೆಕ್ಕದ ಪುಸ್ತಕದಲ್ಲಿ ಬರದ ಐಟಂಗಳು ಮಾತ್ರ ಕೆಲವಿದ್ದವು. ಆ 100 ಚದರಡಿ ಮಣ್ಣು ಮಳೆ ನೀರು ಕುಡೀತಿತ್ತು, ಈಗ ಆ ನೀರು ರಸ್ತೆಗೆ ಬರುತ್ತೆ. ಅವರೆಯ ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನ ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತೆ, ಅಂದ್ರೆ ತನ್ನ ಗೊಬ್ಬರದ ದೊಡ್ಡ ಪಾಲು ತಾನೇ ಸಂಪಾದಿಸುತ್ತೆ. ಮತ್ತೆ ಕಾಯಿ ಬಿಡೋಕೆ ಶುರುವಾದ್ರೆ ಒಂದು ಮನೆಯವರಿಗೆ ತಿಂದು ಮುಗಿಸೋಕಾಗಲ್ಲ. ಪಕ್ಕದ ಮನೆಗೆ ಕೊಡಲೇಬೇಕು. ನಮ್ಮಜ್ಜಿ ಮಲ್ಲೇಶ್ವರದ ಕಥೆ ಹೇಳುವಾಗ ಯಾರ ಮನೆ ಕಾಯಿ ಎಳೆಸು, ಯಾರ ಮನೇದು ನಾರು ಅನ್ನೋದು ಇಡೀ ಕ್ರಾಸಿಗೆ ಗೊತ್ತಿರ್ತಿತ್ತು ಅಂತಿದ್ರು. ಆ ವ್ಯವಹಾರಕ್ಕೆ ಇನ್ವಾಯ್ಸ್ ಇಲ್ಲ.

ಇಂಗ್ಲೆಂಡಿನವರು ಏನು ಮಾಡಿದ್ರು

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. ನಿಮ್ಮ ಫೀಡ್‌ನಲ್ಲಿ ಇಂಗ್ಲೆಂಡಿನ ತೋಟದ ವಿಡಿಯೋ ಬಂದಿರಬಹುದು. ಕೋಲುಗಳನ್ನ ಡೇರೆ ಥರ ಕಟ್ಟಿ, ಕೆಂಪು ಹೂವಿನ ಬಳ್ಳಿ ಹತ್ತಿಸಿರ್ತಾರೆ. ಅದು ರನ್ನರ್ ಬೀನ್. ಮಧ್ಯ ಅಮೆರಿಕದ ತಂಪು ಬೆಟ್ಟಗಳ ಗಿಡ. 17ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಹೋದಾಗ ಮೊದಮೊದಲು ಬೆಳೆಸಿದ್ದು ಹೂವಿನ ಚಂದಕ್ಕೆ. ನಮ್ಮ ಚಪ್ಪರದವರೆಗೆ ದೂರದ ನೆಂಟ. ಸೆಖೆ ಅದಕ್ಕೆ ಆಗಲ್ಲ, ಹೂವು ಬಂದ್ರೂ ಕಾಯಿ ಸರಿಯಾಗಿ ಕಟ್ಟಲ್ಲ. ಬೀಜ ತರಿಸೋ ಮುಂಚೆ ಇದು ಗೊತ್ತಿರಲಿ.

ಆದ್ರೆ ನೋಡಬೇಕಾದ್ದು ಬೀಜವನ್ನಲ್ಲ, ಜಾಗವನ್ನ. ಆ ವಿಡಿಯೋದಲ್ಲಿರೋ ತೋಟ ಬಹಳ ಸಲ ಅವರ ಸ್ವಂತದ್ದಲ್ಲ. ಅದು ಅಲಾಟ್‌ಮೆಂಟ್. 1908ರ ಕಾಯ್ದೆ ಪ್ರಕಾರ ಜನ ಕೇಳಿದ್ರೆ ಸ್ಥಳೀಯ ಆಡಳಿತ ತರಕಾರಿ ಬೆಳೆಯೋಕೆ ಬಾಡಿಗೆ ತುಂಡು ನೆಲ ಒದಗಿಸಬೇಕು. ಸಾಂಪ್ರದಾಯಿಕ ಅಳತೆ ಸುಮಾರು 250 ಚದರ ಮೀಟರ್. 1925ರ ಕಾಯ್ದೆ ಪ್ರಕಾರ ಅದಕ್ಕೆಂದೇ ಪಡೆದ ನೆಲವನ್ನ ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರೋಹಾಗಿಲ್ಲ. ಸ್ವಂತ ಮನೆ ಇಲ್ಲದ ಕಾರ್ಮಿಕನಿಗೂ ಒಂದು ಬಳ್ಳಿಯ ಜಾಗ ಸಿಗಲಿ ಅನ್ನೋದು ಉದ್ದೇಶ. ಕಾಯೋ ಪಟ್ಟಿ ಉದ್ದ ಇದೆ, ತೊಂದರೆಗಳೂ ಇವೆ. ಆದ್ರೆ ಅಲ್ಲಿ ಬೀನ್ಸಿನ ಜಾಗ ಸಾರ್ವಜನಿಕ ವಿಷಯ. ಇಲ್ಲಿ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಕೊಟ್ಟ ಹಿತ್ತಲು ಖಾಸಗಿ ಆಸ್ತಿ. ಒಡೆಯನಿಗೆ ಮಾತ್ರ ಸಿಕ್ಕಿತು, ಒಡೆಯ ಮಾರಿದಾಗ ಹೋಯ್ತು.

ಕತ್ತಲೆ ಕೇಳೋ ಗಿಡ

ಅವರೆಯ ಇನ್ನೊಂದು ಗುಣ ಹೇಳದೆ ಮುಗಿಸೋಕಾಗಲ್ಲ. ಸಾಂಪ್ರದಾಯಿಕ ಅವರೆ ಹಗಲು ಚಿಕ್ಕದಾಗೋವರೆಗೆ ಹೂ ಬಿಡಲ್ಲ. ಬೆಂಗಳೂರಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ನಮಗೆ ಗೊತ್ತೂ ಆಗಲ್ಲ. ಗಿಡಕ್ಕೆ ಗೊತ್ತಾಗುತ್ತೆ. ಅದಕ್ಕೇ ಅವರೆಕಾಳಿನ ಸಾರು, ಹಿತಕಿದ ಬೇಳೆ, ವಿ.ವಿ. ಪುರಂನಲ್ಲಿ ಶುರುವಾದ ಅವರೆಬೇಳೆ ಮೇಳ, ಎಲ್ಲವೂ ಚಳಿಗಾಲದ್ದು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿಗಳನ್ನ ತಂದರು. ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಹಗಲಿನ ಉದ್ದ ಲೆಕ್ಕಿಸಲ್ಲ, ವರ್ಷದ ಯಾವಾಗ ಬಿತ್ತಿದ್ರೂ ಬರುತ್ತೆ. ರೈತನಿಗೆ ಅದು ನಿಜವಾದ ಅನುಕೂಲ, ಮಾರುಕಟ್ಟೆ ಬರೀ ಎರಡು ತಿಂಗಳಿಗೆ ಕಟ್ಟಿಬೀಳಲ್ಲ. ಸೊಗಡು ಮಾತ್ರ ಹಳೇ ತಳಿಯಷ್ಟು ಇಲ್ಲ ಅಂತ ತಿನ್ನೋರು ಗೊಣಗ್ತಾರೆ.

ಸರಿ, ಬೆಳೆಸೋದು ಹೇಗೆ? ನಾನಿರೋದು ಚಾಮರಾಜಪೇಟೆಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಟೆರೇಸಿನಲ್ಲಿ ಎರಡು ಡ್ರಮ್ ಇಟ್ಟಿದೀನಿ. ಆಷಾಢ, ಶ್ರಾವಣದಲ್ಲಿ, ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್ ಒಳಗೆ ಬಿತ್ತಬೇಕು. ಬೀಜ ರಾತ್ರಿ ನೆನೆಸಿ, ಒಂದು ಇಂಚು ಆಳಕ್ಕೆ ಮೂರು ಊರಿ, ಬಲವಾದ ಒಂದು ಸಸಿ ಉಳಿಸಿಕೊಳ್ಳಿ. ಕುಂಡ ಕನಿಷ್ಠ ಒಂದೂವರೆ ಅಡಿ ಆಳ ಇರಲಿ, ಕೆಳಗೆ ತೂತು ಇರಲಿ. ಸರ್ವೆ ಗಳ ನಿಲ್ಲಿಸಿ, ಮೇಲೆ ತೆಂಗಿನ ನಾರಿನ ಹಗ್ಗದ ಬಲೆ ಕಟ್ಟಿ. ಬಳ್ಳಿ ಬಲೆ ಮುಟ್ಟಿದಾಗ ತುದಿ ಚಿವುಟಿದ್ರೆ ಕವಲು ಒಡೆಯುತ್ತೆ. ಸೆಪ್ಟೆಂಬರ್‌ವರೆಗೆ ಬರೀ ಎಲೆ ನೋಡಿ ಬೇಜಾರಾಗಬೇಡಿ, ಅದು ಕಾಯ್ತಾ ಇರುತ್ತೆ. ಇಡೀ ರಾತ್ರಿ ಫ್ಲಡ್‌ಲೈಟ್ ಬೀಳೋ ಮೂಲೆಯಲ್ಲಿ ಇಡಬೇಡಿ. ಇಂಥ ಗಿಡ ಅಳೆಯೋದು ರಾತ್ರಿಯ ಕತ್ತಲನ್ನ, ಬೆಳಕು ಬಿದ್ರೆ ಲೆಕ್ಕ ತಪ್ಪುತ್ತೆ.

ಎಳೆ ತುದಿಗೆ ಕಪ್ಪು ಹೇನು ಮುತ್ತುತ್ತೆ. ಜೋರು ನೀರು ಹೊಡೆದು ತೊಳೀರಿ, ಬೆಳಗ್ಗೆ ಇಬ್ಬನಿ ಇರುವಾಗ ಬೂದಿ ಉದುರಿಸೋದು ಹಳೇ ಪದ್ಧತಿ. ಕಾಯಿಯನ್ನ ಒಳಗಿನ ಕಾಳು ಉಬ್ಬಿ ಕಾಣೋ ಮೊದಲೇ ಕೀಳಬೇಕು. ಎರಡು ಮೂರು ದಿನಕ್ಕೊಮ್ಮೆ ಕಿತ್ತಷ್ಟೂ ಬಿಡ್ತಾ ಹೋಗುತ್ತೆ, ಬಲಿಯೋಕೆ ಬಿಟ್ರೆ "ನನ್ನ ಕೆಲಸ ಮುಗೀತು" ಅಂತ ನಿಲ್ಲಿಸುತ್ತೆ. ಹೂಗೊಂಚಲು ಮುರೀಬೇಡಿ, ಮತ್ತೆ ಅಲ್ಲೇ ಕಾಯಿ ಬರಬಹುದು. ಕೊನೆಗೆ ನಾಲ್ಕೈದು ಒಳ್ಳೇ ಕಾಯಿ ಬಳ್ಳಿಯಲ್ಲೇ ಒಣಗಲಿ, ಮುಂದಿನ ವರ್ಷದ ಬೀಜಕ್ಕೆ. ಬಲಿತ ಒಣ ಕಾಳು ತಿನ್ನೋದಾದ್ರೆ ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಪೂರ್ತಿ ಬೇಯಿಸಿ. ಹಸಿ ತಿನ್ನಬಾರದು.

ಎರಡು ಡ್ರಮ್ಮಿನಿಂದ ನಗರ ಬದಲಾಗಲ್ಲ, ಗೊತ್ತು. 2020ರ ಲಾಕ್‌ಡೌನಲ್ಲಿ ಎಷ್ಟೋ ಜನ ಬಾಲ್ಕನಿಯಲ್ಲಿ ಕುಂಡ ಇಟ್ಟರು, ಆಫೀಸು ತೆರೆದ ಮೇಲೆ ಬಹಳಷ್ಟು ಒಣಗಿದವು. 1898ರ ಮಹಾಮಾರಿ ನಕ್ಷೆಯಲ್ಲೇ ಜಾಗ ಬಿಡಿಸಿತ್ತು, ನಮ್ಮ ಕಾಲದ ಮಹಾಮಾರಿ ಹಾಗೆ ಮಾಡಲಿಲ್ಲ. ಬಾಡಿಗೆದಾರನಿಗೆ ಟೆರೇಸಿನ ಬೀಗದ ಕೈ ಸಿಗೋದೇ ದೊಡ್ಡ ವಿಷಯ.

ಆದ್ರೆ ಒಂದು ಜಾಗ ಇನ್ನೂ ಉಳಿದಿದೆ. ಕನ್ಸರ್ವೆನ್ಸಿ ಗಲ್ಲಿಗಳು. ಕೆಲವು ಒತ್ತುವರಿ ಆಗಿವೆ, ಕೆಲವಲ್ಲಿ ಕಸ ತುಂಬಿದೆ, ಮಲ್ಲೇಶ್ವರದಲ್ಲಿ ಕೆಲವನ್ನ ಶುಚಿ ಮಾಡಿ, ಗೋಡೆಗೆ ಬಣ್ಣ ಬಳಿದು ಓಡಾಡೋ ದಾರಿ ಮಾಡಿದಾರೆ. ಅವು ಯಾರ ಸೈಟೂ ಅಲ್ಲ, ಸಾರ್ವಜನಿಕ ನೆಲ. ಬಿಸಿಲು ಬೀಳೋ ಕಡೆ ಗೋಡೆಗುಂಟ ಒಂದೊಂದು ಅವರೆ ಚಪ್ಪರ ಬಂದ್ರೆ? ಆ ರಸ್ತೆಯ ಬಾಡಿಗೆದಾರರು, ಪೌರಕಾರ್ಮಿಕರು, ಹೂ ಮಾರೋರು, ಯಾರು ಬೇಕಾದ್ರೂ ಕೀಳೋ ಹಾಗೆ? ಇನ್ನೊಬ್ಬರ ಹಿತ್ತಲ ಹೊಲಸು ಹೊರೋಕೆ ಮಾತ್ರ ಕೆಲವರನ್ನ ಬಿಟ್ಟಿದ್ದ ಓಣಿ ಅದು. ಅಲ್ಲಿ ಬೆಳೆದ ಕಾಯಿಯ ಮೇಲೆ ಅವರ ಮೊಮ್ಮಕ್ಕಳಿಗೂ ಹಕ್ಕಿದ್ರೆ, ಹಿತ್ತಲು ಮೊದಲ ಸಲ ಎಲ್ಲರದ್ದಾಗುತ್ತೆ. ಕಷ್ಟದ ಕೆಲಸ, ವಾರ್ಡ್ ಸಮಿತಿ ಸಭೆಗೆ ಹೋಗಿ ಕೇಳಬೇಕು. ಕೇಳೋದಕ್ಕೆ ಖರ್ಚಿಲ್ಲ.

ನಿಮ್ಮ ಮನೆ ಹತ್ತಿರ ಇಂಥ ಗಲ್ಲಿ ಇದ್ರೆ, ಅಥವಾ ಇನ್ನೂ ಒಂದು ಚಪ್ಪರ ಉಳಿದಿದ್ರೆ, ವಾಯ್ಸ್ ನೋಟ್ ಕಳಿಸಿ. ಬೀಜ ಮಿಕ್ಕಿದ್ರೆ ಪಕ್ಕದ ಮನೆಯವರಿಗೆ ಕೊಡಿ. ಮುಂದಿನ ವಾರ ಸಿಗೋಣ.